ಫರೀದಾಬಾದಿನ ನಿರಾಶ್ರಿತರು ಕಟ್ಟಿಕೊಂಡ ಮನೆಗಳು

ಸಹಕಾರವೆಂಬ ಶಬ್ದವು ಕನ್ನಡಿಗರಿಗೆ ನೂತನವಾದುದಲ್ಲ. 1905ರಲ್ಲಿಯೇ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿಕರ ಪತ್ತಿನ ಸಂಘವೊಂದನ್ನು ಸ್ಥಾಪಿಸಿದ್ದರು. ರೈತನಿಗೆ ಸಾಲವನ್ನು ಒದಗಿಸಿದ ಈ ತತ್ತ್ವವು, ನೆಲೆ ತಪ್ಪಿದ ಬಡಕುಟುಂಬಗಳಿಗೆ ತಮ್ಮ ಸೂರನ್ನು ತಾವೇ ಕಟ್ಟಿಕೊಳ್ಳುವ ಶಕ್ತಿಯನ್ನೂ ಕೊಡಬಲ್ಲುದೇ ಎಂಬುದು ಬೇರೊಂದು ಪ್ರಶ್ನೆ. ದೆಹಲಿಯ ದಕ್ಷಿಣಕ್ಕಿರುವ ಫರೀದಾಬಾದಿನಲ್ಲಿ ಅದು ಬಹು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೊಳಗಾಯಿತು. ಆ ಪರೀಕ್ಷೆಗೆ ಮುಂದಾದವರಲ್ಲಿ ಪ್ರಮುಖರು, 1903ರಲ್ಲಿ ಮಂಗಳೂರಿನಲ್ಲಿ ಜನಿಸಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು.

1947ರಲ್ಲಿ ದೇಶವು ವಿಭಾಗವಾದಾಗ, ವಾಯವ್ಯ ಸರಹದ್ದು ಪ್ರಾಂತದ ಬನ್ನೂ, ಕೋಹಟ್, ಡೇರಾ ಇಸ್ಮಾಯಿಲ್ ಖಾನ್ ಮುಂತಾದ ಊರುಗಳ ಹಿಂದೂಗಳೂ ಸಿಖ್ಖರೂ ಮನೆಮಾರುಗಳನ್ನು ತೊರೆದು ಬಂದರು. ಇವರಲ್ಲಿ ಬಹುಮಂದಿ ಅಂಗಡಿ ವ್ಯಾಪಾರಗಳಿಂದ ಜೀವಿಸುತ್ತಿದ್ದವರು. ಗಾರೆ ಕೆಲಸವನ್ನಾಗಲಿ ಮರಗೆಲಸವನ್ನಾಗಲಿ ಅರಿತವರಲ್ಲ. ಕುರುಕ್ಷೇತ್ರವೇ ಮೊದಲಾದ ಶಿಬಿರಗಳ ಡೇರೆಗಳಲ್ಲಿ ಅವರಿಗೆ ಅನ್ನವು ದೊರೆಯುತ್ತಿತ್ತು, ಕೆಲಸವು ದೊರೆಯುತ್ತಿರಲಿಲ್ಲ. ದುಡಿದು ಉಣ್ಣುತ್ತಿದ್ದ ಗೃಹಸ್ಥನು ದಿನವೂ ಪಡಿಗಾಗಿ ಸಾಲಿನಲ್ಲಿ ನಿಲ್ಲಬೇಕಾಗಿ ಬಂದಾಗ ಅವನ ಮನಸ್ಸು ಕುಗ್ಗದಿರುವುದು ಹೇಗೆ? ತಮ್ಮನ್ನು ಚದರಿಸದೆ ದೆಹಲಿಯ ಸಮೀಪದಲ್ಲಿ ಒಟ್ಟಾಗಿ ನೆಲೆಗೊಳಿಸಬೇಕೆಂದು ಅವರು ಹಟಹಿಡಿದರು.

ಕಮಲಾದೇವಿಯವರ ನೇತೃತ್ವದಲ್ಲಿ 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟವು ಹುಟ್ಟಿತು. ಮರುವರ್ಷ, ಎಂದರೆ 1949ರಲ್ಲಿ, ಬಾಬು ರಾಜೇಂದ್ರಪ್ರಸಾದರ ಅಧ್ಯಕ್ಷತೆಯಲ್ಲಿ ಫರೀದಾಬಾದ್ ಅಭಿವೃದ್ಧಿ ಮಂಡಲಿಯು ರಚಿತವಾಯಿತು. ಪ್ರಧಾನಮಂತ್ರಿ ಜವಾಹರಲಾಲ್ ನೆಹರೂರವರು ಇದರ ಕಾರ್ಯದಲ್ಲಿ ವಿಶೇಷವಾದ ಆಸಕ್ತಿಯನ್ನು ವಹಿಸಿದರು. ಆಡಳಿತದ ಭಾರವನ್ನು ಸುಧೀರ್ ಘೋಷರು ಹೊತ್ತರು. ಸುಮಾರು ಐದು ಸಾವಿರ ಮನೆಗಳನ್ನು ಕಟ್ಟತಕ್ಕದ್ದೆಂದು ಯೋಜನೆಯಾಯಿತು.

ಆಗ ವಿವಾದವು ತಲೆದೋರಿತು. ಲೋಕೋಪಯೋಗಿ ಇಲಾಖೆಯ ರೂಢಿಯಂತೆ ಕೆಲಸವನ್ನು ಗುತ್ತಿಗೆದಾರರ ಮೂಲಕ ಮಾಡಿಸತಕ್ಕದ್ದು. ಕೈಪಳಗದ ನಿರಾಶ್ರಿತರಿಂದ ಗೋಡೆ ಏಳಲಾರದೆಂಬುದು ಆ ಪಕ್ಷದವರ ವಾದ. ಒಕ್ಕೂಟದವರ ವಾದವಾದರೋ ಹೀಗಿದ್ದಿತು: ಮನೆಯಲ್ಲಿ ವಾಸಿಸತಕ್ಕವರು ಕೈಕಟ್ಟಿ ಕುಳಿತಿರುವಾಗ ಪರರಿಗೆ ಕೂಲಿಯನ್ನೂ ಲಾಭವನ್ನೂ ಕೊಟ್ಟು ಅದನ್ನು ಕಟ್ಟಿಸುವುದೇಕೆ? ಅದೇ ಹಣವು ಅವರಿಗೇ ಕೂಲಿಯಾಗಿ ಸಂದರೆ ಮನೆಯೂ ಏಳುವುದು, ಕಸುಬೂ ಕೈಹತ್ತುವುದು, ಧರ್ಮದ ಅನ್ನವೂ ತಪ್ಪುವುದು. ಕಡೆಗೆ ನಿರ್ಮಾಣದ ಒಂದು ಪಾಲು ನಿರಾಶ್ರಿತರ ಕೈಗೆ ಬಂದಿತು.

ಅವರು ಕಾರ್ಮಿಕ ಸಹಕಾರ ಸಂಘಗಳಾಗಿ ಕೂಡಿಕೊಂಡರು. ನಿನ್ನೆಯವರೆಗೆ ತಕ್ಕಡಿ ಹಿಡಿದಿದ್ದ ಕೈಗಳು ಕರಣೆಯನ್ನು ಹಿಡಿದವು. ಇಟ್ಟಿಗೆಯನ್ನು ಸಾಗಿಸುವುದು, ಅಡಿಪಾಯವನ್ನು ತೋಡುವುದು, ಗೋಡೆಯನ್ನೆತ್ತುವುದು, ಎಲ್ಲವನ್ನೂ ಅವರು ಮಾಡುತ್ತ ಮಾಡುತ್ತ ಕಲಿತರು. ಯುದ್ಧಪರಿಹಾರವಾಗಿ ಜರ್ಮನಿಯಿಂದ ಬಂದಿದ್ದ ವಿದ್ಯುದ್ಯಂತವನ್ನು ಅಲ್ಲಿ ಸ್ಥಾಪಿಸುವುದರಲ್ಲಿಯೂ ಅವರ ಶ್ರಮವಿದ್ದಿತು. ನಗರದ ಆಸ್ಪತ್ರೆಗೆ ಬಾದಷಾ ಖಾನ್ ಅಬ್ದುಲ್ ಗಫಾರ್ ಖಾನರ ಹೆಸರನ್ನಿಟ್ಟರು. ಸರಹದ್ದಿನ ಆ ಮುಸಲ್ಮಾನ ಮುಖಂಡನ ಸ್ಮರಣೆಯನ್ನು, ಮತದ್ವೇಷದಿಂದಲೇ ಮನೆ ಕಳೆದುಕೊಂಡಿದ್ದ ಹಿಂದೂಗಳೂ ಸಿಖ್ಖರೂ ಬಿಡಲಿಲ್ಲವೆಂಬುದು ವಾಚಕರು ಮನನ ಮಾಡತಕ್ಕ ಸಂಗತಿ. ಆ ಹೆಸರೂ ಈಚೆಗೆ ಬದಲಾಗಿದೆ.

ಮನೆಗಳು ನಿಂತವು, ಸಂಘಗಳು ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ಆಡಳಿತವು ಸಾಮಾನ್ಯ ಸರ್ಕಾರೀ ಇಲಾಖೆಯ ಅಧೀನವಾಗಿ, ಗುತ್ತಿಗೆಯ ಪದ್ಧತಿಯೇ ಮರಳಿತು. ಒಕ್ಕೂಟದಲ್ಲಿ ದುಡಿದಿದ್ದ ಲಕ್ಷ್ಮೀಚಂದ್ ಜೈನರು ಈ ಉತ್ಥಾನಪತನಗಳೆರಡನ್ನೂ 1998ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಿವರಿಸಿದ್ದಾರೆ. ಫರೀದಾಬಾದು 1966ರಲ್ಲಿ ಹರಿಯಾಣಕ್ಕೆ ಸೇರಿ, ಅನಂತರ ಮಹಾನಗರವಾಗಿ ಬೆಳೆಯಿತು. ಆದರೆ ಆ ಬೆಳವಣಿಗೆಯು ಕಾರ್ಖಾನೆಗಳಿಂದಾದುದೇ ಹೊರತು ಸಂಘಗಳಿಂದಾದುದಲ್ಲ.

ಇದಕ್ಕೆ ಕಾರಣವನ್ನು ಬಡವರ ಅಶಕ್ತಿಯಲ್ಲಿ ಹುಡುಕುವುದು ನ್ಯಾಯವಲ್ಲ. ಅವರ ಶಕ್ತಿಗೆ ಗೋಡೆಗಳೇ ಸಾಕ್ಷಿಯಾಗಿದ್ದುವು. ಸಂಘಗಳಿಗೆ ಕೆಲಸವು ಸರ್ಕಾರದಿಂದಲೇ ಬರಬೇಕಾಗಿತ್ತು, ಹಣವೂ ಅಲ್ಲಿಂದಲೇ ಬರಬೇಕಾಗಿತ್ತು. ಕೊಡುವ ಕೈ ಹಿಂದೆಗೆದೊಡನೆ ಅವುಗಳಿಗೆ ಆಧಾರವು ತಪ್ಪಿತು. ಕಣಗಿನಹಾಳದಂಥ ಸಂಘದಲ್ಲಿ ಸದಸ್ಯರ ಸ್ವಂತ ಪಾಲುಬಂಡವಾಳವು, ಎಷ್ಟೇ ಅಲ್ಪವಾಗಿರಲಿ, ಮೂಲವಾಗಿರುತ್ತದೆ. ಬಡವರು ಕೂಡಿ ಮನೆ ಕಟ್ಟುವ ಯೋಜನೆಯನ್ನು ಕೈಕೊಳ್ಳುವವರು ಫರೀದಾಬಾದಿನಿಂದ ಧೈರ್ಯವನ್ನು ತೆಗೆದುಕೊಳ್ಳಬಹುದು. ಜೊತೆಗೆ, ಮೊದಲನೆಯ ಇಟ್ಟಿಗೆಯನ್ನಿಡುವಾಗಲೇ ಸಂಘಕ್ಕೆ ತನ್ನದೇ ಆದ ಮೂಲಧನವನ್ನೂ ಮುಂದಿನ ಕೆಲಸವನ್ನೂ ಗೊತ್ತುಮಾಡಿಕೊಳ್ಳುವುದು ಅವಶ್ಯಕ.