ಜೋ ಗ್ಯಾನ್ಸ್ ನಿಜಕ್ಕೂ ಅಷ್ಟು ದೊಡ್ಡವನಾ?

1906ರ ಸೆಪ್ಟೆಂಬರ್ 3. ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಗೋಲ್ಡ್‌ಫೀಲ್ಡ್ ಅನ್ನೋ ಊರು. ಚಿನ್ನ ಸಿಕ್ಕಿತು ಅನ್ನೋ ಸುದ್ದಿಗೆ ನೋಡನೋಡುತ್ತಲೇ ಎದ್ದು ನಿಂತ ಊರು ಅದು. ಅವತ್ತು ಸುಡುವ ಬಿಸಿಲಲ್ಲಿ ಅಲ್ಲಿ ಲೈಟ್‌ವೇಟ್ ಬಾಕ್ಸಿಂಗ್‌ನ ವಿಶ್ವ ಪಟ್ಟಕ್ಕಾಗಿ ಇಬ್ಬರು ರಿಂಗ್‌ಗೆ ಇಳಿದರು. ಒಬ್ಬ ಜೋ ಗ್ಯಾನ್ಸ್, ಬಾಲ್ಟಿಮೋರ್‌ನ ಕಪ್ಪು ವರ್ಣೀಯ. ಇನ್ನೊಬ್ಬ ಬ್ಯಾಟ್ಲಿಂಗ್ ನೆಲ್ಸನ್, ಡೆನ್ಮಾರ್ಕ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಬಿಳಿಯ. ಇಷ್ಟು ಸುತ್ತು ಅಂತ ಮಿತಿ ಇರಲಿಲ್ಲ. ಒಬ್ಬ ಬೀಳುವ ತನಕ ಆಟ.

ಆಟ ನಡೆದದ್ದು ಎಷ್ಟು ಸುತ್ತು ಗೊತ್ತಾ? 42. ಇವತ್ತಿನ ವಿಶ್ವ ಚಾಂಪಿಯನ್‌ಷಿಪ್ ಪಂದ್ಯ 12 ಸುತ್ತಿಗೆ ಮುಗಿಯುತ್ತೆ. ಅಂದ್ರೆ 36 ನಿಮಿಷದ ಹೊಡೆದಾಟ. ಗೋಲ್ಡ್‌ಫೀಲ್ಡ್‌ನಲ್ಲಿ ವಿರಾಮವೂ ಸೇರಿ ಎರಡೂಮುಕ್ಕಾಲು ಗಂಟೆ. ಕೊನೆಯ ಸುತ್ತುಗಳನ್ನು ಗ್ಯಾನ್ಸ್ ಆಡಿದ್ದು ಮುರಿದ ಬಲಗೈಯಲ್ಲಿ. 42ನೇ ಸುತ್ತಿನಲ್ಲಿ ನೆಲ್ಸನ್ ಸೊಂಟದ ಕೆಳಗೆ ಹೊಡೆದ. ರೆಫರಿ ಜಾರ್ಜ್ ಸೈಲರ್ ಅದನ್ನು ಫೌಲ್ ಎಂದು ಘೋಷಿಸಿ ಗ್ಯಾನ್ಸ್ ಕೈ ಎತ್ತಿದರು.

ಕ್ರಿಕೆಟ್‌ನಲ್ಲಿ ಯಾರು ದೊಡ್ಡವರು ಅಂತ ನಾವು ಜಗಳ ಆಡ್ತೀವಲ್ಲ, ಬಾಕ್ಸಿಂಗ್ ಪ್ರಿಯರಿಗೂ ಅಂಥದ್ದೇ ಒಂದು ಜಗಳ ಇದೆ. ಸಾರ್ವಕಾಲಿಕ ಶ್ರೇಷ್ಠ ಲೈಟ್‌ವೇಟ್ ಯಾರು? ಹಲವರು ಪನಾಮಾದ ರಾಬರ್ಟೊ ಡ್ಯುರಾನ್ ಅಂತಾರೆ. ಹಳೆಯ ತಲೆಮಾರಿನವರು ಬೆನ್ನಿ ಲೆನಾರ್ಡ್ ಅಂತಾರೆ. ಆದರೆ 'ದಿ ರಿಂಗ್' ಪತ್ರಿಕೆ ಕಟ್ಟಿದ ನ್ಯಾಟ್ ಫ್ಲೈಷರ್ ಮೊದಲ ಸ್ಥಾನ ಕೊಟ್ಟಿದ್ದು ಗ್ಯಾನ್ಸ್‌ಗೆ. ಇದು ಸರಿಯಾ? ಅಥವಾ ಹಳೆಯದೆಲ್ಲ ಚಿನ್ನ ಅನ್ನೋ ಮೋಹವಾ?

ಗ್ಯಾನ್ಸ್ ವಿರುದ್ಧದ ವಾದ ಮೊದಲು ಕೇಳೋಣ. ಅದು ದುರ್ಬಲ ವಾದ ಏನಲ್ಲ.

ಒಂದು, 1900ರ ಮಾರ್ಚ್‌ನಲ್ಲಿ ಫ್ರಾಂಕ್ ಅರ್ನ್ ಎದುರು ಪಟ್ಟಕ್ಕಾಗಿ ಮೊದಲ ಅವಕಾಶ ಸಿಕ್ಕಿತು. 12ನೇ ಸುತ್ತಿನಲ್ಲಿ ಕಣ್ಣಿಗೆ ಗಾಯವಾಗಿ ಗ್ಯಾನ್ಸ್ ತಾನೇ ಆಟ ನಿಲ್ಲಿಸಿದ. ಎದೆಗಾರಿಕೆ ಇಲ್ಲದವನು ಅನ್ನೋ ಮಾತು ಅಂದಿನಿಂದ ಬೆನ್ನು ಹತ್ತಿತು. ಎರಡು, ಅದೇ ವರ್ಷದ ಡಿಸೆಂಬರ್‌ನಲ್ಲಿ ಷಿಕಾಗೋದಲ್ಲಿ ಟೆರ್ರಿ ಮೆಕ್‌ಗವರ್ನ್ ಎದುರು ಎರಡನೇ ಸುತ್ತಿನಲ್ಲೇ ಮಲಗಿಬಿಟ್ಟ. ಅದು ಮೊದಲೇ ನಿಗದಿಯಾಗಿದ್ದ ಸೋಲು ಎಂದೇ ಬಹುತೇಕ ಇತಿಹಾಸಕಾರರ ಅಭಿಪ್ರಾಯ. ಗಲಾಟೆ ಎಷ್ಟಾಯಿತು ಅಂದ್ರೆ ಷಿಕಾಗೋದಲ್ಲಿ ಬಾಕ್ಸಿಂಗನ್ನೇ ನಿಷೇಧಿಸಿದರು. ಮೂರು, 1908ರಲ್ಲಿ ಇದೇ ನೆಲ್ಸನ್ ಗ್ಯಾನ್ಸ್‌ನನ್ನು ಎರಡು ಸಲ ನಾಕೌಟ್ ಮಾಡಿದ. ಜುಲೈನಲ್ಲಿ 17ನೇ ಸುತ್ತಿಗೆ, ಸೆಪ್ಟೆಂಬರ್‌ನಲ್ಲಿ 21ನೇ ಸುತ್ತಿಗೆ.

ಸಾರ್ವಕಾಲಿಕ ಶ್ರೇಷ್ಠನ ದಾಖಲೆ ಹೀಗಿರುತ್ತಾ? ಪ್ರಶ್ನೆ ನ್ಯಾಯವಾದದ್ದೇ.

ಎಂಜಿನಿಯರಿಂಗ್ ಓದುವಾಗ ಲ್ಯಾಬ್‌ನಲ್ಲಿ ನಮಗೆ ಮೊದಲು ಕಲಿಸಿದ್ದು ಒಂದೇ ವಿಷಯ. ರೀಡಿಂಗ್ ಬರೆದುಕೊಳ್ಳುವ ಮುಂಚೆ ಮೀಟರ್ ಸರಿ ಇದೆಯಾ ನೋಡಿ. ಮುಳ್ಳು ಸೊನ್ನೆಯಲ್ಲೇ ನಿಂತಿಲ್ಲ ಅಂದ್ರೆ ಬರೆದ ಅಂಕಿಯೆಲ್ಲ ತಪ್ಪು. ಗ್ಯಾನ್ಸ್ ದಾಖಲೆಯ ಕಥೆಯೂ ಇದೇ.

ಆ ಕಾಲದ ಅಮೆರಿಕ ನೆನಪಿಸಿಕೊಳ್ಳಿ. ಗುಲಾಮಗಿರಿ ಕಾನೂನಿನಿಂದ ಹೋಗಿತ್ತು, ಬದುಕಿನಿಂದ ಹೋಗಿರಲಿಲ್ಲ. ಕಪ್ಪು ಬಾಕ್ಸರ್‌ಗೆ ಪಂದ್ಯ ಸಿಗಬೇಕು ಅಂದ್ರೆ ಬಿಳಿಯ ಮ್ಯಾನೇಜರ್ ಬೇಕು. ಆ ಮ್ಯಾನೇಜರ್ ಇವತ್ತು ಗೆಲ್ಲು ಅಂದ್ರೆ ಗೆಲ್ಲಬೇಕು, ಇವತ್ತು ಬೀಳು ಅಂದ್ರೆ ಬೀಳಬೇಕು. ಇಲ್ಲ ಅಂದ್ರೆ ಮುಂದಿನ ಪಂದ್ಯವೇ ಇಲ್ಲ. ಗ್ಯಾನ್ಸ್ ಬಾಲ್ಟಿಮೋರ್‌ನ ಮೀನು ಮಾರುಕಟ್ಟೆಯಲ್ಲಿ ಕೆಲಸ ಮಾಡಿ ಬಂದ ಹುಡುಗ. ಕೈಬಿಟ್ಟರೆ ವಾಪಸ್ ಹೋಗಬೇಕಾದ ಜಾಗ ಅದೇ.

ಇನ್ನೊಂದು ಉದಾಹರಣೆ. 1903ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಸ್ಯಾಮ್ ಲ್ಯಾಂಗ್‌ಫರ್ಡ್ ಎದುರು ಗ್ಯಾನ್ಸ್ ಸೋತ. ದಾಖಲೆಯಲ್ಲಿ ಅದು ಒಂದು ಸೋಲು, ಅಷ್ಟೇ. ಆದರೆ ಹಿಂದಿನ ದಿನವಷ್ಟೇ ಫಿಲಡೆಲ್ಫಿಯಾದಲ್ಲಿ ಬೇರೊಬ್ಬನ ಜೊತೆ ಹೊಡೆದಾಡಿ ಬಂದಿದ್ದ! ಲ್ಯಾಂಗ್‌ಫರ್ಡ್ ಏನು ಸಾಮಾನ್ಯನಾ? ಮುಂದೆ ಹೆವಿವೇಟ್‌ಗಳನ್ನೂ ನಡುಗಿಸಿದ ದೈತ್ಯ.

ಹಾಗಾದ್ರೆ ಗ್ಯಾನ್ಸ್ ಎಷ್ಟು ದೊಡ್ಡವನು ಅಂತ ಅಳೆಯೋದು ಹೇಗೆ? ಎದುರಾಳಿಗಳು ಹಾಕಿದ ಶರತ್ತು ನೋಡಿ ಅನ್ನೋದು ನನ್ನ ಉತ್ತರ. ಗೋಲ್ಡ್‌ಫೀಲ್ಡ್‌ಗೇ ಮತ್ತೆ ಬನ್ನಿ. 1902ರ ಮೇ 12ರಂದು ಅದೇ ಅರ್ನ್‌ನನ್ನು ಮೊದಲ ಸುತ್ತಿನಲ್ಲೇ ಮಲಗಿಸಿ ಗ್ಯಾನ್ಸ್ ಚಾಂಪಿಯನ್ ಆಗಿದ್ದ. ಅಮೆರಿಕದಲ್ಲಿ ಹುಟ್ಟಿದ ಕಪ್ಪು ವರ್ಣೀಯರಲ್ಲಿ ವಿಶ್ವ ಪಟ್ಟ ಗೆದ್ದ ಮೊದಲಿಗ. ಸಾಮಾನ್ಯವಾಗಿ ಚಾಂಪಿಯನ್ ಶರತ್ತು ಹಾಕ್ತಾನೆ, ಸವಾಲು ಹಾಕುವವನು ಒಪ್ಪಿಕೊಳ್ತಾನೆ. ಇಲ್ಲಿ ಉಲ್ಟಾ. ನೆಲ್ಸನ್‌ನ ಮ್ಯಾನೇಜರ್ ಬಿಲ್ಲಿ ನೋಲನ್ ಹೇಳಿದ ಹಾಗೆ ಎಲ್ಲ ನಡೀಬೇಕು. ಸವಾಲುಗಾರ ನೆಲ್ಸನ್‌ಗೆ 20,000 ಡಾಲರ್‌ಗೂ ಹೆಚ್ಚು, ಚಾಂಪಿಯನ್ ಗ್ಯಾನ್ಸ್‌ಗೆ 11,000. ತೂಕ 133 ಪೌಂಡ್ ದಾಟುವಂತಿಲ್ಲ, ಅಂದ್ರೆ ಸುಮಾರು 60 ಕೆ.ಜಿ. ಅದೂ ಪಂದ್ಯದ ದಿನವೇ ಮೂರು ಸಲ ತೂಗಬೇಕು, ರಿಂಗ್‌ಗೆ ಇಳಿಯುವ ಉಡುಪಿನಲ್ಲೇ.

ಇದರ ಅರ್ಥ ಏನು? ಮೂವತ್ತು ದಾಟಿದ ದೇಹವನ್ನು ಪಂದ್ಯದ ದಿನದ ತನಕ ಹಸಿವು ಬಾಯಾರಿಕೆಯಲ್ಲಿ ಒಣಗಿಸಬೇಕು. ಹೊಟ್ಟೆ ತುಂಬ ತಿಂದು ಸುಧಾರಿಸಿಕೊಳ್ಳೋಕೆ ಒಂದು ರಾತ್ರಿಯೂ ಇಲ್ಲ. ಮರುಭೂಮಿಯ ಬಿಸಿಲಿಗೆ ನೇರವಾಗಿ ನಿಲ್ಲಬೇಕು. ಸರಿಸಮಾನರ ಎದುರು ಯಾರೂ ಇಂಥ ಶರತ್ತು ಹಾಕಲ್ಲ. ಎದುರಿಗಿರೋನು ನಮಗಿಂತ ಮೇಲು ಅಂತ ಒಳಗೊಳಗೇ ಗೊತ್ತಿದ್ದವರು ಮಾತ್ರ ಹಾಕ್ತಾರೆ. ನೋಲನ್‌ನ ಆ ಒಪ್ಪಂದಕ್ಕಿಂತ ದೊಡ್ಡ ಪ್ರಶಸ್ತಿ ಪತ್ರ ಗ್ಯಾನ್ಸ್‌ಗೆ ಬೇಕಾ? ಅಷ್ಟೆಲ್ಲ ಮಾಡಿಯೂ 42 ಸುತ್ತಿನಲ್ಲಿ ಅವನನ್ನು ಸೋಲಿಸಲು ಆಗಲಿಲ್ಲ. ಎದೆಗಾರಿಕೆ ಇಲ್ಲ ಅನ್ನೋ ಹಳೇ ಆರೋಪಕ್ಕೆ ಉತ್ತರ ಅಲ್ಲೇ ಸಿಕ್ಕಿತು.

1908ರ ಸೋಲುಗಳ ಬಗ್ಗೆ ಒಂದೇ ಮಾತು. 1910ರ ಆಗಸ್ಟ್ 10ರಂದು ಗ್ಯಾನ್ಸ್ ಕ್ಷಯರೋಗದಿಂದ ತೀರಿಕೊಂಡ. ವಯಸ್ಸು 35. ನೆಲ್ಸನ್ ಸೋಲಿಸಿದ್ದು ಇಳಿಯುತ್ತಿದ್ದ ದೇಹವನ್ನು.

ಹಾಗಂತ ಗ್ಯಾನ್ಸ್‌ನನ್ನು ಸಂತ ಮಾಡೋದೂ ಬೇಡ. ಷಿಕಾಗೋದ ಆ ಆಟಕ್ಕೆ ದುಡ್ಡು ಕೊಟ್ಟು ಬಂದ ಸಾವಿರಾರು ಜನ ಮೋಸ ಹೋದರು. ಒತ್ತಡ ಇತ್ತು ಅನ್ನೋದು ಕಾರಣ ಆಗಬಹುದು, ಕಲೆಯನ್ನು ಒರೆಸಲ್ಲ. ಡ್ಯುರಾನ್ ಪರವಾದ ವಾದವೂ ಗಟ್ಟಿ. 1972ರಿಂದ 1979ರವರೆಗೆ ಪಟ್ಟ ಇಟ್ಟುಕೊಂಡು 12 ಸಲ ಉಳಿಸಿಕೊಂಡ, ಅದರಲ್ಲಿ 11 ನಾಕೌಟ್. ಅವನ ಆಟ ಇವತ್ತೂ ವಿಡಿಯೋದಲ್ಲಿ ಕಣ್ಣಾರೆ ನೋಡಬಹುದು. ಗ್ಯಾನ್ಸ್‌ನದ್ದು ಸಿಗೋದು ಒಂದಷ್ಟು ಮಸುಕಾದ ಹಳೇ ಫಿಲ್ಮ್. ಆದರೆ ಅಷ್ಟರಲ್ಲೂ ಕಾಣುತ್ತೆ. ಅನಗತ್ಯ ಹೆಜ್ಜೆ ಇಲ್ಲ, ಬೀಸುವ ಹೊಡೆತ ಇಲ್ಲ. ಎದುರಾಳಿಯ ಕೈಯನ್ನು ದಾರಿಯಲ್ಲೇ ತಡೆದು ಅದೇ ಸಂದಿಯಲ್ಲಿ ಚಿಕ್ಕ, ನೇರ ಏಟು. 'ಓಲ್ಡ್ ಮಾಸ್ಟರ್' ಅಂತ ಸುಮ್ಮನೆ ಕರೆಯಲಿಲ್ಲ.

ನನ್ನ ತೀರ್ಪು ಇಷ್ಟು. ಗ್ಯಾನ್ಸ್, ಲೆನಾರ್ಡ್, ಡ್ಯುರಾನ್. ಈ ಮೂವರ ಸಾಲಿನಿಂದ ಗ್ಯಾನ್ಸ್‌ನನ್ನು ಹೊರಗಿಡೋದು ಅನ್ಯಾಯ. ಮೂವರಲ್ಲಿ ಮೊದಲು ಯಾರು ಅಂತ ನೀವು ಜಗಳ ಆಡಿ, ನನ್ನ ತಕರಾರಿಲ್ಲ. ಆದರೆ ಅವನ ಸೋಲುಗಳನ್ನು ಎಣಿಸುವ ಮುಂಚೆ, ಅವನು ಯಾವ ತಕ್ಕಡಿಯಲ್ಲಿ ನಿಂತು ಆಡಿದ ಅನ್ನೋದನ್ನು ಒಂದು ಸಲ ನೋಡಿ.