ಏರಿಯ ಮಣ್ಣು ಕೂರುವ ಬಗೆ

ಶಿವಮೊಗ್ಗ ಜಿಲ್ಲೆಯ ಅಂಬ್ಲಿಗೊಳ ಜಲಾಶಯದ ಏರಿ ಮಣ್ಣಿನದು. ಕಾಂಕ್ರೀಟಿನ ಅಣೆಕಟ್ಟಿಗಿಂತ ಇಂಥ ಏರಿಯ ಮೇಲೆ ನನಗೆ ಗೌರವ ಹೆಚ್ಚು. ಕಾಂಕ್ರೀಟು ಅಲುಗದೆ ನಿಂತು ನೀರು ತಡೆಯುತ್ತದೆ. ಮಣ್ಣು ಹಾಗಲ್ಲ, ಕೂರುತ್ತ, ಜರುಗುತ್ತ, ಒಳಗೊಳಗೇ ಆಕಾರ ಬದಲಿಸಿಕೊಳ್ಳುತ್ತ ತಡೆಯುತ್ತದೆ. ಮಣ್ಣು ಪರೀಕ್ಷೆಯನ್ನೇ ಕಸುಬು ಮಾಡಿಕೊಂಡವನು ನಾನು. ಈ ಶಿಕಾರಿಪುರ–ಸೊರಬ ಸೀಮೆಯ ಕೆರೆ ಕಟ್ಟಿದವರು ಆ ಗುಣವನ್ನು, ಗಣಿತದ ಲೆಕ್ಕ ಬರುವುದಕ್ಕೆ ಬಹಳ ಮೊದಲೇ, ಕೈಯಿಂದ ಅರಿತಿದ್ದರು ಎಂದು ಖಂಡಿತವಾಗಿ ಹೇಳಬಲ್ಲೆ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನವನ್ನು ಎಲ್ಲರೂ ಮಯೂರಶರ್ಮನ ಕಥೆಗಾಗಿ ಓದುತ್ತಾರೆ. 5ನೇ ಶತಮಾನದಲ್ಲಿ ಕುಬ್ಜನೆಂಬ ಕವಿ ಅದನ್ನು ರಚಿಸಿ ತಾನೇ ಕಲ್ಲಿಗೆ ಇಳಿಸಿದ. ಆದರೆ ಆ ಬರಹದ ಉದ್ದೇಶ ಒಂದು ಕೆರೆ: ಕದಂಬ ಕಾಕುಸ್ಥವರ್ಮ ಶಿವಾಲಯದ ಬಳಿ ತೋಡಿಸಿದ ಕೆರೆ. ಮುಂದೆ ವಿಜಯನಗರದ ಕಾಲಕ್ಕೆ, ಆಂಧ್ರದ 1369ರ ಪೊರುಮಾಮಿಳ್ಳ ಶಾಸನ ಕೆರೆಗೆ ಬೇಕಾದ 12 ಅಂಗಗಳನ್ನೂ ಬೇಡವಾದ 6 ದೋಷಗಳನ್ನೂ ಹೇಳುತ್ತದೆ. ಏರಿ ಜಿನುಗುವುದು ಆ ದೋಷಗಳಲ್ಲೊಂದು. ಪೊರುಮಾಮಿಳ್ಳದ ಕೆರೆ ಕಟ್ಟಿದ್ದು ದಿನಕ್ಕೆ 1,000 ಆಳು, 100 ಬಂಡಿ, ಎರಡು ವರ್ಷದ ಕೆಲಸ.

ಏರಿಗೆ ಮಣ್ಣನ್ನು ಒಮ್ಮೆಗೇ ಸುರಿಯುತ್ತಿರಲಿಲ್ಲ. ತೆಳುವಾಗಿ ಹರಡಿ, ನೀರು ಚಿಮುಕಿಸಿ, ದನ ಹೊಡೆದು ತುಳಿಸಿ, ಮೇಲೆ ಮತ್ತೊಂದು ಪದರ. ಹಸಿ ಮಣ್ಣನ್ನು ಅಂಗೈಯಲ್ಲಿ ಹೊಸೆದರೆ ಅದರ ಜಿಗಿ ತಿಳಿಯುತ್ತದೆ. ಹಾಗೆ ಹೊಸೆದ ಎಳೆ ಯಾವ ಹದದಲ್ಲಿ ತುಂಡಾಗುತ್ತದೆ ಎಂಬುದನ್ನು 1911ರಲ್ಲಿ ಸ್ವೀಡನ್ನಿನ ಆಟರ್‌ಬರ್ಗ್ ಪ್ರಯೋಗಾಲಯದ ಪರೀಕ್ಷೆಯಾಗಿಸಿದ. ನಾವು ಇವತ್ತಿಗೂ ಗಾಜಿನ ಹಲಗೆಯ ಮೇಲೆ 3 ಮಿಲಿಮೀಟರ್ ದಪ್ಪದ ಎಳೆ ಹೊಸೆಯುತ್ತೇವೆ.

ನೀರು ತುಂಬಿದ ಜೇಡಿಯ ಮೇಲೆ ಭಾರ ಬಿದ್ದೊಡನೆ ಹೊರೆ ಹೊರುವುದು ಕಣಗಳಲ್ಲ, ನಡುವಿನ ನೀರು. ಆ ನೀರು ನಿಧಾನವಾಗಿ ಹೊರಹೋದಂತೆ ಹೊರೆ ಕಣಗಳಿಗೆ ಇಳಿಯುತ್ತದೆ, ಮಣ್ಣು ಕೂರುತ್ತದೆ. ಎಂಜಿನಿಯರ್ ಟೆರ್ಜಾಗಿ 1925ರ ತನ್ನ ಪುಸ್ತಕದಲ್ಲಿ ಇದನ್ನು ಗಣಿತವಾಗಿ ವಿವರಿಸಿದ. ಆದರೆ ಮಣ್ಣು ಸ್ವಲ್ಪವೇ ಕುಗ್ಗುತ್ತದೆ ಎಂದು ಹಿಡಿದುಕೊಂಡ ಲೆಕ್ಕ ಅದು. ಗಟ್ಟಿ ಏರಿಗೆ ಸಾಕು. ಕೆರೆಯ ಹೂಳಿಗೆ? ಅಂಬಲಿಯಷ್ಟು ತೆಳ್ಳಗಿನ ಹೂಳು ತನ್ನದೇ ಭಾರಕ್ಕೆ ಅರ್ಧಕ್ಕರ್ಧ ಕುಗ್ಗಬಹುದು. ಕುಗ್ಗಿದಂತೆಲ್ಲ ನೀರು ಹೊರಹೋಗುವ ದಾರಿಯೂ ಕಿರಿದಾಗುತ್ತದೆ. 1967ರಲ್ಲಿ ಗಿಬ್ಸನ್, ಇಂಗ್ಲೆಂಡ್, ಹಸ್ಸಿ ಎಂಬ ಮೂವರು ಸಂಶೋಧಕರು ಜಾಗವನ್ನು ಬಿಟ್ಟು ಕಣಗಳನ್ನೇ ಹಿಡಿದು ಅಳೆದರು. ಪದರ ಎಷ್ಟೇ ಕುಗ್ಗಲಿ, ಅದರೊಳಗಿನ ಕಣದ ಮೊತ್ತ ಬದಲಾಗದಲ್ಲ! ದೊಡ್ಡ ವಿರೂಪದ ಲೆಕ್ಕ ಅಲ್ಲಿಂದ ಕೈಗೆಟುಕಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ಎಸ್. ನಾಗರಾಜ್ ಮತ್ತು ಬಿ.ಆರ್. ಶ್ರೀನಿವಾಸ ಮೂರ್ತಿ, ಬೇರೆ ಬೇರೆ ಜೇಡಿಗಳ ಕುಗ್ಗುವಿಕೆಯನ್ನು ಅವುಗಳ ದ್ರವಮಿತಿಯ (ಮಣ್ಣು ದ್ರವದಂತೆ ಹರಿಯತೊಡಗುವ ಹದದ) ಸ್ಥಿತಿಗೆ ಹೋಲಿಸಿ ನೋಡಿದರೆ ಹೆಚ್ಚುಕಡಿಮೆ ಒಂದೇ ಗೆರೆಗೆ ಬರುತ್ತವೆ ಎಂದು ತೋರಿಸಿದರು. ಕಡಿಮೆ ಪರೀಕ್ಷೆಯಲ್ಲಿ ಹೆಚ್ಚು ತಿಳಿಯುವ ಈ ದಾರಿ ನನಗೆ ಬಹಳ ಪ್ರಿಯ.

ಹಿಂದೆ ಹೂಳೆತ್ತಲು, ಏರಿ ಕಾಯಲು ಕಟ್ಟುಗೊಡಗೆಯೆಂಬ ದತ್ತಿಭೂಮಿ ಇರುತ್ತಿತ್ತು. ಈಗ ಬೇಸಿಗೆಯಲ್ಲಿ ಜೆಸಿಬಿ ಬರುತ್ತದೆ. ಹೂಳೆತ್ತಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಏರಿಯ ಒಳಬುಡದವರೆಗೂ ಬಗೆದರೆ ಆ ಇಳಿಜಾರಿಗೆ ಒತ್ತುಕೊಟ್ಟಿದ್ದ ಮಣ್ಣೇ ಹೋಗುತ್ತದೆ, ನೀರು ಸೋರದಂತೆ ತಳಕ್ಕೆ ಅಂಟಿದ್ದ ಜೇಡಿಯೂ ಹೋಗುತ್ತದೆ. ಕೆರೆ ತುಂಬಿ, ಬಳಿಕ ನೀರು ಬೇಗ ಇಳಿದಾಗ ಏರಿಯೊಳಗೆ ಉಳಿದ ನೀರಿನ ಒತ್ತಡಕ್ಕೆ ಕುಸಿಯುವುದು ಆ ಒಳಮೈಯೇ. ಬುಡದಿಂದ ಎಷ್ಟು ದೂರ ಬಿಟ್ಟು ಅಗೆಯಬೇಕೆಂಬುದನ್ನು ಆಯಾ ಏರಿಯ ಎತ್ತರ, ಮಣ್ಣು ನೋಡಿ ಮೊದಲೇ ಗೂಟ ಹೊಡೆದು ಗುರುತಿಸಬೇಕು.