ಬಾಡಿಗೆದಾರನ ಮೀಟರಿನಲ್ಲಿ ಅನ್ಯರ ವಿದ್ಯುತ್ ಬಳಕೆ

ಬಾಡಿಗೆದಾರನ ಮೀಟರಿನ ಮೂಲಕ ಮತ್ತೊಬ್ಬರ ದೀಪಕ್ಕೋ ಪಂಪಿಗೋ ವಿದ್ಯುತ್ ಹರಿದು, ಆತ ಅರಿಯದೆಯೇ ಅದರ ಬಿಲ್ಲು ಕಟ್ಟುತ್ತಿರುವುದು ನಗರದ ವಠಾರಗಳಿಗಷ್ಟೇ ಸೀಮಿತವಲ್ಲ. ತಿಪಟೂರು ತಾಲ್ಲೂಕಿನ ಬಿಳಿಗೆರೆಯಂತಹ ತೆಂಗಿನ ಸೀಮೆಯ ಊರುಗಳಲ್ಲಿಯೂ ಇದಕ್ಕೆ ಆಸ್ಪದವುಂಟು. ಒಂದೇ ಕುಟುಂಬಕ್ಕೆಂದು ಕಟ್ಟಿದ ಮನೆಯನ್ನು ಭಾಗ ಮಾಡಿ ಬಾಡಿಗೆಗೆ ಕೊಟ್ಟಾಗ ಗೋಡೆ ಏಳುತ್ತದೆಯೇ ಹೊರತು ಒಳಗಿನ ತಂತಿ ಬೇರೆಯಾಗುವುದಿಲ್ಲ. ಕೊಬ್ಬರಿ ಅಟ್ಟದ ದೀಪ, ಹಿತ್ತಿಲಿನ ತೊಟ್ಟಿಯ ಮೋಟಾರು ಹಳೆಯ ಮೀಟರಿನಲ್ಲಿಯೇ ಉಳಿದುಬಿಡುತ್ತವೆ. ದುರುದ್ದೇಶಕ್ಕಿಂತ ಹಳೆಯ ವೈರಿಂಗೇ ಹೆಚ್ಚು ಬಾರಿ ಕಾರಣವೆನ್ನಬಹುದು.

ಕೃಷಿ ಪಂಪ್‌ಸೆಟ್‌ಗಳ ಲೆಕ್ಕ ಬೇರೆ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳ ವಿದ್ಯುತ್ ವೆಚ್ಚವನ್ನು ಸರ್ಕಾರವೇ ಭರಿಸುತ್ತದೆ. ಆದರೆ ಮನೆಯ ಮೀಟರಿಗೆ ಸೇರಿದ ಒಂದು ಅಶ್ವಶಕ್ತಿಯ ಮೋಟಾರು ತಾಸಿಗೆ ಸುಮಾರು ಒಂದು ಯೂನಿಟ್ ಎಳೆಯುತ್ತದೆ. ದಿನಕ್ಕೆರಡು ತಾಸು ಓಡಿದರೆ ತಿಂಗಳಿಗೆ 60 ಯೂನಿಟ್. ರಾಜ್ಯದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗೆ ಇದು ಇಮ್ಮಡಿ ಪೆಟ್ಟು: ಅರ್ಹ ಯೂನಿಟ್ ಮೀರಿದ ಬಳಕೆಗೆ ಹಣ ತೆರಬೇಕು, 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು.

ಪರೀಕ್ಷೆ ಕಠಿಣವಲ್ಲ. ಮನೆಯ ಮೇನ್ ಸ್ವಿಚ್ ಆರಿಸಿ, ಮೀಟರಿನ ಮಿಟುಕುವ ಕೆಂಪು ದೀಪವನ್ನು ಗಮನಿಸಬೇಕು (ಹಳೆಯ ಮೀಟರಾದರೆ ತಿರುಗುವ ಚಕ್ರವನ್ನು). ಮೀಟರಿನ ಮೇಲೆ 3200 ಎಂದು ನಮೂದಿಸಿದ್ದರೆ ಅಷ್ಟು ಮಿಟುಕಿಗೆ ಒಂದು ಯೂನಿಟ್ ಎಂದರ್ಥ. ಮೇನ್ ಆರಿದ ಮೇಲೂ ಮಿಟುಕು ಮುಂದುವರಿದರೆ, ಮೀಟರಿಗೂ ಮೇನ್ ಸ್ವಿಚ್ಚಿಗೂ ನಡುವೆ ಯಾರದೋ ತಂತಿ ಕವಲೊಡೆದಿರುವ ಶಂಕೆ ಬಲವಾಗುತ್ತದೆ. ಮಿಟುಕು ನಿಂತರೂ ನಿರಾಳವಾಗಬೇಕಿಲ್ಲ. ಮೇನ್ ಹಾಕಿ, ಫ್ರಿಜ್ ಸೇರಿದಂತೆ ಮನೆಯ ಎಲ್ಲ ಉಪಕರಣಗಳ ಪ್ಲಗ್ ಕಿತ್ತು, ದೀಪ ಆರಿಸಿ ಮತ್ತೆ ನೋಡಬೇಕು. ಆಗಲೂ ಮಿಟುಕಿದರೆ ಕವಲು ಮೇನ್ ಸ್ವಿಚ್ಚಿನ ಆಚೆ ಇರಬಹುದು, ಇಲ್ಲವೇ ವೈರಿಂಗಿನಲ್ಲಿ ಸೋರಿಕೆ ಇರಬಹುದು. ಸಂಜೆ ಹೊತ್ತು ಮೇನ್ ಆರಿಸಿದಾಗ ನೆರೆಯವರ ದೀಪವೂ ಆರಿದರೆ ಹೆಚ್ಚಿನ ಪುರಾವೆ ಬೇಡ. ಸೀಲು ಹಾಕಿದ ಮೀಟರನ್ನು ಮಾತ್ರ ಮುಟ್ಟಕೂಡದು.

ಹಣಕ್ಕಿಂತ ದೊಡ್ಡ ಅಪಾಯ ಕಾನೂನಿನದು. ಮಂಜೂರಾದ ಜಾಗ ಬಿಟ್ಟು ಬೇರೆ ಜಾಗಕ್ಕೆ ವಿದ್ಯುತ್ ಒಯ್ದರೆ, ಅದು ಮೀಟರಿನಲ್ಲಿ ದಾಖಲಾಗಿ ಬಿಲ್ಲು ಪಾವತಿಯಾಗಿದ್ದರೂ, 2003ರ ವಿದ್ಯುತ್ ಕಾಯಿದೆಯ 126ನೇ ಕಲಮಿನ ಪ್ರಕಾರ ಅನಧಿಕೃತ ಬಳಕೆಯಾಗುತ್ತದೆ. ದರದ ಇಮ್ಮಡಿಯಂತೆ ಮೊತ್ತ ನಿಗದಿಪಡಿಸಿ, ತಾತ್ಕಾಲಿಕ ಆದೇಶವನ್ನು ಜಾಗದ ಅನುಭೋಗದಲ್ಲಿರುವವರಿಗೆ ಜಾರಿ ಮಾಡಲಾಗುತ್ತದೆ; ಅಂದರೆ ಏನೂ ಅರಿಯದ ಬಾಡಿಗೆದಾರನ ಕೈಗೇ ಅದು ಬರಬಹುದು. ಬಳಕೆಯ ಲಾಭ ಪಡೆದ ಇತರರ ಮೇಲೂ ಮೊತ್ತ ವಿಧಿಸಲು ಅದೇ ಕಲಮಿನಲ್ಲಿ ಅವಕಾಶವಿರುವುದರಿಂದ ಆಕ್ಷೇಪಣೆಯಲ್ಲಿ ಇದನ್ನು ಎತ್ತಬೇಕು. ಅಂತಿಮ ಆದೇಶದ ವಿರುದ್ಧ 30 ದಿನಗಳೊಳಗೆ 127ನೇ ಕಲಮಿನಡಿ ಮೇಲ್ಮನವಿ ಸಲ್ಲಿಸಬಹುದಾದರೂ ಅರ್ಧ ಮೊತ್ತ ಠೇವಣಿ ಇಡಬೇಕು. ಆದ್ದರಿಂದ ತಪಾಸಣಾ ತಂಡ ಬರುವ ಮುನ್ನವೇ ದೂರು ದಾಖಲಿಸುವುದು ಲೇಸು.

ಬಿಳಿಗೆರೆ ಸೇರಿದಂತೆ ತುಮಕೂರು ಜಿಲ್ಲೆ ಬೆಸ್ಕಾಂ ವ್ಯಾಪ್ತಿಯಲ್ಲಿದೆ, ಸಹಾಯವಾಣಿ 1912. ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆ, ಪರೀಕ್ಷೆಯ ದಿನಾಂಕ ಮತ್ತು ಮೀಟರ್ ರೀಡಿಂಗ್‌ಗಳನ್ನು ಬರೆದು ಉಪವಿಭಾಗದ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯತಕ್ಕದ್ದು. ಬಿಲ್ಲು ಮಾಲೀಕರ ಹೆಸರಿನಲ್ಲಿದ್ದರೆ ಅದರ ಪ್ರತಿಯೊಂದನ್ನು ಅವರಿಗೂ ತಲುಪಿಸಬೇಕು.